ಬಂಡಿಮನೆಗೊಂದು ಜಗಲಿ

ಜಗಲಿಯಿಲ್ಲದ ಮನೆಯು ಮಲೆನಾಡಿನವರ ಕಣ್ಣಿಗೆ ಅರೆಕಟ್ಟಿದ ಮನೆಯಾಗಿಯೇ ತೋರುವುದು. ನೆನೆದ ಕಂಬಳಿಕೊಪ್ಪೆಯನ್ನು ಕಳಚುವುದೆಲ್ಲಿ, ಕೆಸರಿನ ಕಾಲನ್ನು ತೊಳೆಯುವುದೆಲ್ಲಿ, ಬಂದ ನೆಂಟನು ಒಳಗಿನಿಂದ ಕರೆ ಬರುವವರೆಗೆ ಕುಳಿತಿರುವುದೆಲ್ಲಿ? ಇಂಗ್ಲೆಂಡಿನವರು ಮೋಟಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಕಾರವಾನ್ ಎಂಬ ಬಂಡಿಮನೆಯನ್ನು ಮೊದಲು ನೋಡಿದಾಗ ನನ್ನ ಹೆಂಡತಿಯು ಕೇಳಿದ ಪ್ರಶ್ನೆಯೂ ಇದೇ. ಒಳಗೆ ಹಾಸಿಗೆಯುಂಟು, ಒಲೆಯುಂಟು, ನೀರಿನ ತೊಟ್ಟಿಯುಂಟು, ಅಂಗೈಯಗಲದ ಬಚ್ಚಲೂ ಉಂಟು. ಬಾಗಿಲನ್ನು ತೆರೆದು ಒಂದು ಹೆಜ್ಜೆಯಿಟ್ಟರೆ ಮಾತ್ರ ನೇರವಾಗಿ ಮಳೆಯೊಳಗೆ. ಈ ಕೊರತೆಯನ್ನು ತುಂಬಲು ಆ ದೇಶದವರು ಮಾಡಿಕೊಂಡಿರುವ ಉಪಾಯಕ್ಕೆ ಆನಿಂಗ್ ಎಂದು ಹೆಸರು. ಬಂಡಿಯ ಪಕ್ಕಕ್ಕೆ ಬಟ್ಟೆಯ ಮಾಡೊಂದನ್ನು ಸೇರಿಸಿ, ಬೇಕಾದರೆ ಮೂರು ಕಡೆಯೂ ಬಟ್ಟೆಯ ಗೋಡೆಯನ್ನು ಇಳಿಬಿಟ್ಟು ಮಾಡುವ ಮುಂಗುಡಾರವೇ ಅದು.

ಸಂಸ್ಕೃತವನ್ನು ಓದಿದವರಿಗೆ ಈ ವಸ್ತು ಹೊಸದಲ್ಲ. ಅಮರಸಿಂಹನು ಮೇಲ್ಕಟ್ಟಿಗೆ ವಿತಾನವೆಂದೂ ಉಲ್ಲೋಚವೆಂದೂ, ಬಟ್ಟೆಯ ಮನೆಗೆ ದೂಷ್ಯವೆಂದೂ ಹೆಸರು ಕೊಟ್ಟಿರುವನು. ರಘುವಂಶದ ಐದನೆಯ ಸರ್ಗದಲ್ಲಿ ಅಜನು ಇಂದುಮತಿಯ ಸ್ವಯಂವರಕ್ಕೆ ಹೊರಟಾಗ ದಾರಿಯುದ್ದಕ್ಕೂ ಅವನಿಗಾಗಿ ಉಪಕಾರ್ಯೆಗಳು ಸಿದ್ಧವಾಗಿದ್ದವಷ್ಟೆ. ಆದರೆ ಅವನ್ನು ಎಷ್ಟು ಮಂದಿ ಆಳುಗಳು ಎಷ್ಟು ಹೊತ್ತಿನಲ್ಲಿ ನಿಲ್ಲಿಸಿದರೆಂಬುದನ್ನು ಕಾಳಿದಾಸನು ಹೇಳುವ ಗೊಡವೆಗೆ ಹೋಗಲಿಲ್ಲ. ರಾಜಕುಮಾರನಿಗೆ ಅದು ಬೇಕಾಗಿಯೂ ಇರಲಿಲ್ಲ. ನಮಗಾದರೋ ಮುಖ್ಯವಾಗಿ ಬೇಕಾದುದು ಅದೊಂದೇ ಲೆಕ್ಕ.

ಕಾರಣವನ್ನು ಹೇಳುವೆನು. ನಮ್ಮ ಮಗಳು ಮ್ಯಾಂಚೆಸ್ಟರಿನಲ್ಲಿರುವಳು. ಅಳಿಯನಿಗೆ ಉದ್ಯೋಗನಿಮಿತ್ತ ಎರಡು ವರ್ಷದ ಮಟ್ಟಿಗೆ ಬೇರೆ ದೇಶದಲ್ಲಿ ಇರಬೇಕಾಗಿ ಬಂದಿತು. ಮನೆಯಲ್ಲಿ ಉಳಿದವರು ಅವಳೂ ಆರು ವರ್ಷದ ಮೊಮ್ಮಗಳೂ. ಹೋಗುವ ಮುನ್ನ ಅವರಿಬ್ಬರೂ ಕೂಡಿ, ಕೈಬದಲಾದ ಸಣ್ಣ ಕಾರವಾನೊಂದನ್ನು ಕೊಂಡಿದ್ದರು. ಅದು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತೇ ಇತ್ತು. ಬಂಡಿಯ ಸಂಗಡ ಬಂದಿದ್ದ ಹಳೆಯ ಆನಿಂಗು ಉಕ್ಕಿನ ಕೋಲುಗಳದು. ಇಬ್ಬರು ಗಟ್ಟಿಗರಿಗೂ ಒಂದು ಗಂಟೆಯ ಕೆಲಸ. ೨೦೨೩ರ ಬೇಸಗೆಯಲ್ಲಿ ನಾವು ಹೋದಾಗ ಅವಳು ಹೇಳಿದ ಮಾತಿದು: ‘ನಾನೊಬ್ಬಳೇ ನಿಲ್ಲಿಸಬಲ್ಲಂಥದು ಸಿಕ್ಕಿದರೆ ಬಂಡಿಯನ್ನು ಇಟ್ಟುಕೊಳ್ಳುವೆನು, ಇಲ್ಲವಾದರೆ ನೀವು ಊರಿಗೆ ಹೊರಟ ಮೇಲೆ ಮಾರಿಬಿಡುವೆನು.’ ಮಾರಿದರೆ ನಷ್ಟವೇನೂ ದೊಡ್ಡದಲ್ಲ. ಆದರೆ ಅವಳು ಗಂಡನಿಲ್ಲದ ಆ ಎರಡು ವರ್ಷಗಳನ್ನು ನಾಲ್ಕು ಗೋಡೆಯೊಳಗೆ ಕಳೆಯಲು ಒಪ್ಪಿಕೊಂಡುಬಿಡುವಳಲ್ಲಾ ಎಂಬ ಸಂಕಟ ಅವಳ ತಾಯಿಗೆ ಹತ್ತಿತು. ಬಾಯಿಬಿಟ್ಟು ಹೇಳದಿದ್ದರೂ ನನಗೂ ಅದೇ.

ಬಂಡಿಮನೆಯ ವಿಲಾಸಯಾತ್ರೆಗೆ ಆ ದೇಶದಲ್ಲಿ ಮೇಲ್ಪಂಕ್ತಿ ಹಾಕಿದವನು ನೌಕಾಪಡೆಯ ವೈದ್ಯನಾಗಿದ್ದು ನಿವೃತ್ತನಾಗಿ, ಹುಡುಗರಿಗಾಗಿ ಕಥೆಗಳನ್ನು ಬರೆಯುತ್ತಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತನು. ಆತನು ಬ್ರಿಸ್ಟಲಿನ ಬಂಡಿ ಕಾರಖಾನೆಯಲ್ಲಿ ‘ವಾಂಡರರ್’ ಎಂಬ ಬಂಡಿಮನೆಯನ್ನು ಮಾಡಿಸಿ, ೧೮೮೫ರ ಬೇಸಗೆಯಲ್ಲಿ ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋದನು. ಸಂಗಡ ಒಬ್ಬ ಸಾರಥಿ, ಒಬ್ಬ ಪರಿಚಾರಕ, ಒಂದು ನಾಯಿ, ಒಂದು ಗಿಳಿ! ಪರಿಚಾರಕನು ಮೂರುಗಾಲಿಯ ಸೈಕಲ್ಲನ್ನೇರಿ ಮುಂದೆ ಹೋಗಿ, ‘ದೊಡ್ಡ ಬಂಡಿ ಬರುತ್ತಿದೆ’ ಎಂದು ದಾರಿಗರಿಗೆ ಎಚ್ಚರ ಹೇಳುತ್ತಿದ್ದನಂತೆ. ೧೯೦೭ರಲ್ಲಿ ಇಂಥ ಯಾತ್ರಿಕರ ಸಂಘವೊಂದು ಹುಟ್ಟಿ ಇಂದಿಗೂ ನಡೆಯುತ್ತಿರುವುದು. ಆ ಕಾಲದ ಶ್ರೀಮಂತನಿಗೆ ಆಳುಗಳಿದ್ದರು. ಇಂದು ಬಂಡಿಯನ್ನು ಎಳೆಯುವವರೂ, ನಿಲ್ಲಿಸುವವರೂ, ಅಡಿಗೆ ಮಾಡುವವರೂ ಒಬ್ಬರೇ. ನಮ್ಮಲ್ಲಿ ಮದುವೆಯ ಚಪ್ಪರವನ್ನು ಹಾಕಲು ಕೇರಿಯವರೆಲ್ಲ ಕೂಡುವರು. ಅಡಕೆಯ ಮರದ ಕಂಬವನ್ನು ಹೊರುವವರೊಬ್ಬರು, ಸೋಗೆಯನ್ನು ಹೊದಿಸುವವರೊಬ್ಬರು, ಕೆಳಗೆ ನಿಂತು ಬುದ್ಧಿ ಹೇಳುವವರು ನಾಲ್ವರು. ಒಬ್ಬಳೇ ಹೆಂಗಸು ಅರ್ಧಗಂಟೆಯಲ್ಲಿ ಹಾಕಬೇಕಾದ ಚಪ್ಪರವೆಂದರೆ ನಮ್ಮ ಯಾವ ಬಡಗಿಗೂ ಹೊಸ ಸಮಸ್ಯೆಯೇ ಸರಿ.

ಮ್ಯಾಂಚೆಸ್ಟರಿನ ಹೊರವಲಯದ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಕೊಟ್ಟಿಗೆಯಂಥ ಕಟ್ಟಡದೊಳಗೆ ಇಪ್ಪತ್ತಕ್ಕೆ ಕಡಮೆಯಿಲ್ಲದಷ್ಟು ಆನಿಂಗುಗಳನ್ನು ನಿಲ್ಲಿಸಿಟ್ಟಿದ್ದರು; ನೋಡಿದರೆ ಸೈನ್ಯವೊಂದು ಬೀಡು ಬಿಟ್ಟಂತಿತ್ತು. ಬಂಡಿಯ ಪಕ್ಕದುದ್ದಕ್ಕೂ ಮೇಲಂಚಿನಲ್ಲಿ ಅಲ್ಯುಮಿನಿಯಮ್ಮಿನ ಒಂದು ತೂಬುಗಾಲುವೆಯಿರುವುದು. ಆನಿಂಗಿನ ಅಂಚಿನಲ್ಲಿ ಹಗ್ಗದ ದಪ್ಪದ ದಾರವನ್ನು ಒಳಗಿಟ್ಟು ಹೊಲಿದಿರುವರು. ಆ ಅಂಚನ್ನು ಕಾಲುವೆಯೊಳಗೆ ತೂರಿಸಿ ಎಳೆದುಕೊಂಡು ಹೋದರೆ ಬಟ್ಟೆಯು ಬಂಡಿಗೆ ಅಂಟಿಕೊಂಡು ನಿಲ್ಲುವುದು. ಪಾಯಜಾಮಕ್ಕೆ ಲಾಡಿ ಹಾಕುವ ವಿದ್ಯೆಯೇ, ತಿರುಗುಮುರುಗಾಗಿ. ಇದು ಎಲ್ಲಾ ಜಾತಿಗೂ ಸಮಾನ. ಮುಂದಿನದರಲ್ಲಿಯೇ ಭೇದ.

ಬಂಡಿಯ ಪೂರ್ತಿ ಉದ್ದಕ್ಕೂ ಹಬ್ಬುವ ದೊಡ್ಡ ಆನಿಂಗನ್ನು ಮೊದಲೇ ಬಿಟ್ಟೆವು. ಅದಕ್ಕೆ ಬಂಡಿಯ ಈ ತುದಿಯ ನೆಲದಿಂದ ಕಾಲುವೆಯ ಗುಂಟ ಮೇಲೇರಿ ಆ ತುದಿಯ ನೆಲದವರೆಗೆ ಅಳತೆ ಹಿಡಿಯಬೇಕು. ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವವರಿಗೆ ಅದು ಒಪ್ಪುವುದು. ಎರಡನೆಯದು ಬರಿಯ ಮೇಲ್ಕಟ್ಟು: ಎರಡು ಮೂರು ಕೋಲು, ಒಂದು ಮಾಡು, ಗೋಡೆಯಿಲ್ಲ. ಹಗುರ, ಅಗ್ಗ, ಹಾಕುವುದು ಸುಲಭ. ಬಿಸಿಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಮಗಳ ಮನಸ್ಸಿದ್ದುದು ಸರೋವರಪ್ರಾಂತದ ಮೇಲೆ. ಅಲ್ಲಿಯ ಮಳೆಯು ನೇರವಾಗಿ ಬೀಳುವ ಸಂಪ್ರದಾಯವುಳ್ಳದ್ದಲ್ಲ.

ಹೀಗೆ ಉಳಿದುದು ಬಾಗಿಲ ಮುಂದೆ ಮಾತ್ರ ನಿಲ್ಲುವ ಗೋಡೆಯುಳ್ಳ ಸಣ್ಣ ಆನಿಂಗು. ಇದರಲ್ಲಿ ಕೋಲಿನದೆಂದೂ ಗಾಳಿಯದೆಂದೂ ಎರಡು ಬಗೆ. ಕೋಲುಗಳಲ್ಲಿ ಉಕ್ಕಿನದು ಗಟ್ಟಿ, ಆದರೆ ಭಾರ. ಅಲ್ಯುಮಿನಿಯಮ್ಮಿನದು ಹಗುರ, ತುಕ್ಕಿಲ್ಲ. ಗಾಜಿನ ನಾರಿನದು ಬಿದಿರ ದಬ್ಬೆಯಂತೆ ಬಾಗುವುದು, ಹಳತಾದರೆ ಸೀಳಿ ಕೈಗೆ ಸಿಬಿರು ಕೊಡುವುದೂ ಉಂಟು. ಗಾಳಿಯ ಆನಿಂಗಿನಲ್ಲಿ ಕೋಲುಗಳೇ ಇಲ್ಲ. ಬಟ್ಟೆಯ ತೋಳಿನೊಳಗೆ ಸೈಕಲ್ಲಿನ ರಬ್ಬರು ಕೊಳವೆಯಂಥ ಕೊಳವೆಗಳನ್ನಿಟ್ಟಿರುವರು. ಕೈಪಂಪಿನಿಂದ ಗಾಳಿ ತುಂಬಿದರೆ ಮಲಗಿದ್ದ ಗುಡಾರವು ತಾನಾಗಿಯೇ ಎದ್ದು ನಿಲ್ಲುವುದು. ಎಷ್ಟು ಒತ್ತಡವೆಂಬುದನ್ನು ತಯಾರಿಸಿದವರು ಬರೆದಿರುವರು, ಪಂಪಿನ ಮೇಲೆ ಮುಳ್ಳೂ ಇರುವುದು. ಮೂವತ್ತು ವರ್ಷ ಗರಿ ಕಟ್ಟಿದ ಮಾಡಿನ ಕೆಳಗೆ ಪಾಠ ಹೇಳಿದವನಾದ ನನಗೆ, ಉಸಿರಿನ ಮೇಲೆ ನಿಂತ ಮನೆಯಲ್ಲಿ ಅಷ್ಟಾಗಿ ನಂಬಿಕೆ ಹುಟ್ಟಲಿಲ್ಲ. ಕೊಳವೆ ತೂತಾದರೆ? ಅಂಗಡಿಯಾತನು ಬಟ್ಟೆಯ ಜಿಪ್ಪನ್ನು ತೆಗೆದು, ಕೊಳವೆಯನ್ನು ಹೊರಗೆಳೆದು, ತೇಪೆ ಹಾಕಬಹುದು, ಬದಲು ಮಾಡಲೂಬಹುದು ಎಂದು ತೋರಿಸಿದನು. ಮುರಿದ ಕೋಲಿಗೆ ಕಾಡಿನ ಬಡಿಗೆ ಸಿಕ್ಕೀತೆಂಬ ನನ್ನ ವಾದವನ್ನು ಮಾತ್ರ ನಾನು ಈಗಲೂ ಬಿಟ್ಟಿಲ್ಲ.

‘ಎಂಟೇ ನಿಮಿಷ’ ಎಂದನು ಆತನು, ನಿಲ್ಲಿಸಿಯೂ ತೋರಿಸಿದನು. ಆದರೆ ಕೊಟ್ಟಿಗೆಯೊಳಗೆ ಗಾಳಿಯಿಲ್ಲ, ಮಳೆಯಿಲ್ಲ, ನೆಲ ಓರೆಯಿಲ್ಲ. ಗೂಟವನ್ನೂ ಅವನು ಹೊಡೆಯಲಿಲ್ಲ. ಅಂಗಡಿಯವರು ಹೇಳುವ ನಿಮಿಷಗಳಲ್ಲಿ ಚೀಲದಿಂದ ತೆಗೆಯುವುದು, ಕಾಲುವೆಗೆ ತೂರಿಸುವುದು, ಗೂಟ ಹೊಡೆಯುವುದು ಈ ಮೂರೂ ಸೇರುವುದಿಲ್ಲವೆಂದು ಕೊಳ್ಳುವವರು ತಿಳಿದಿರಬೇಕು. ನನ್ನ ಹೆಂಡತಿಯು ಇಂಗ್ಲೀಷಿನಲ್ಲಿ ವಾದಕ್ಕೆ ಇಳಿಯದೆ ಮಗಳಿಗೆ, ‘ಮೊದಲು ಚೀಲವನ್ನು ಎತ್ತು ನೋಡೋಣ’ ಎಂದಳು. ಅದೇ ಸರಿಯಾದ ಪರೀಕ್ಷೆ. ಗಾಳಿಯ ಆನಿಂಗಿನ ಚೀಲ ೧೬ ಕಿಲೋಗ್ರಾಂ. ಗಾಜಿನ ನಾರಿನ ಕೋಲಿನದು ೧೧. ಗಾಳಿಯದನ್ನು ಒಬ್ಬಳೇ ನಿಲ್ಲಿಸಬಹುದು, ಎತ್ತುವುದು ಕಷ್ಟ. ಕೋಲಿನದನ್ನು ಎತ್ತುವುದು ಸುಲಭ, ಒಂದು ಕೋಲನ್ನು ಹಿಡಿದುಕೊಂಡೇ ಇನ್ನೊಂದನ್ನು ಸೇರಿಸಲು ಮೂರನೆಯ ಕೈ ಬೇಕು. ಅವಳು ೧೬ ಕಿಲೋಗ್ರಾಮಿನದನ್ನು ಎರಡು ಸಾರಿ ಎತ್ತಿ, ಹತ್ತು ಮಾರು ನಡೆದು, ಕೆಳಗಿಟ್ಟು, ‘ಆದೀತು’ ಎಂದಳು.

ಭಾರದ ವಿಷಯ ತೋಳಿಗೆ ಮಾತ್ರ ಸೇರಿದುದಲ್ಲ. ಪ್ರತಿಯೊಂದು ಬಂಡಿಗೂ ಇಷ್ಟೇ ತೂಗಬೇಕೆಂಬ ಮಿತಿಯುಂಟು; ಬರಿಬಂಡಿಯ ತೂಕವನ್ನು ಅದರಿಂದ ಕಳೆದರೆ ಉಳಿದುದು ನಾವು ತುಂಬಬಹುದಾದ ಹೊರೆ. ಇವಳ ಬಂಡಿಯಲ್ಲಿ ಅದು ೧೪೦ ಕಿಲೋಗ್ರಾಂ. ಅದರಲ್ಲಿಯೇ ಪಾತ್ರೆ, ಬಟ್ಟೆ, ಅಕ್ಕಿ, ಅನಿಲದ ಜಾಡಿ. ಆದಕಾರಣ ಆನಿಂಗಿನ ಚೀಲವನ್ನು ಮೋಟಾರಿನ ಹಿಂದಿನ ಗೂಡಿಗೆ ಹಾಕುವುದೆಂದಾಯಿತು. ಬಂಡಿಯಲ್ಲಿಯೇ ಇಡುವವರು ಗಾಲಿಯ ಅಚ್ಚಿನ ಮೇಲೆ, ನೆಲಕ್ಕೆ ತಾಗುವಂತೆ ಇಡತಕ್ಕದ್ದು.

ಅಳತೆಯಲ್ಲಿಯೂ ಎಚ್ಚರ ಬೇಕು. ಇಂಥ ಸಣ್ಣ ಆನಿಂಗುಗಳು ಸಾಮಾನ್ಯವಾಗಿ ನೆಲದಿಂದ ೨೩೫ ರಿಂದ ೨೫೦ ಸೆಂಟಿಮೀಟರ್ ಎತ್ತರದಲ್ಲಿ ಕಾಲುವೆಯಿರುವ ಬಂಡಿಗಳಿಗೆ ಹೊಂದುವುವು. ತಗ್ಗಾದ ಸಣ್ಣ ಬಂಡಿಗಳಿಗೆ ಬೇರೆಯೇ ಬೇಕು. ಇವಳದು ೨೩೮, ಹೇಗೋ ಪಾರಾಯಿತು. ಅಗಲದಲ್ಲಿ ೨೬೦, ೩೩೦, ೩೯೦ ಸೆಂಟಿಮೀಟರುಗಳೆಂದು ಮೂರು ತೋರಿಸಿದರು. ಸಣ್ಣ ಬಂಡಿಯಲ್ಲಿ ಕಾಲುವೆಯು ಸ್ವಲ್ಪ ದೂರ ನೆಟ್ಟಗೆ ಹೋಗಿ ಎರಡು ತುದಿಯಲ್ಲಿಯೂ ಬಾಗುವುದು. ಆನಿಂಗು ಆ ನೆಟ್ಟಗಿನ ಭಾಗದೊಳಗೇ ಮುಗಿಯಬೇಕು, ಅದರ ಪಕ್ಕದ ಗೋಡೆ ಕಿಟಕಿಯ ಮೇಲೆ ಬಂದು ಕೂರಲೂ ಕೂಡದು. ೨೬೦ನ್ನೇ ಆರಿಸಿದೆವು. ಬಟ್ಟೆಯ ಗುಣಕ್ಕೆ ಎರಡು ಅಂಕಿಗಳನ್ನು ಬರೆದಿರುವರು. ಡೆನಿಯರ್ ಎಂಬುದು ೯,೦೦೦ ಮೀಟರ್ ಉದ್ದದ ನೂಲಿನ ತೂಕ, ಗ್ರಾಂಗಳಲ್ಲಿ. ಇನ್ನೊಂದು, ಬಟ್ಟೆಯ ಮೇಲೆ ಎಷ್ಟು ಮಿಲಿಮೀಟರ್ ಎತ್ತರದ ನೀರಿನ ಕಂಬವನ್ನು ನಿಲ್ಲಿಸಿದರೆ ಅದು ಜಿನುಗಲು ತೊಡಗುವುದೆಂಬ ಲೆಕ್ಕ. ನಮ್ಮದರ ಮೇಲೆ ೩,೦೦೦ ಎಂದಿತ್ತು. ಮೂರು ಮೀಟರಿನ ಕಂಬ.

ಈ ಮೂರು ಮೀಟರನ್ನು ಪರೀಕ್ಷಿಸಲು ಇಂಗ್ಲೆಂಡಿನಲ್ಲಿ ತಕ್ಕ ಸ್ಥಳವಿದ್ದರೆ ಅದು ಕೆಸ್ವಿಕ್ಕಿನ ದಕ್ಷಿಣದಲ್ಲಿರುವ ಬಾರೋಡೇಲ್ ಕಣಿವೆ. ಕೆಸ್ವಿಕ್ ಎಂಬುದು ಡರ್ವೆಂಟ್ ಸರೋವರದ ತಲೆಯ ಮೇಲಿರುವ ಸಣ್ಣ ಪಟ್ಟಣ. ಹಿಂದೆ ೯೩೧ ಮೀಟರಿನ ಸ್ಕಿಡಾ ಬೆಟ್ಟ. ರಾಬರ್ಟ್ ಸದೇ ಎಂಬ ಕವಿಯು ೧೮೦೩ರಿಂದ ೧೮೪೩ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದನು. ವರ್ಡ್ಸ್‌ವರ್ತನ ಗ್ರಾಸ್ಮಿಯರ್ ಇಲ್ಲಿಂದ ಹೆಚ್ಚು ದೂರವಿಲ್ಲ. ೨೦೧೭ರಲ್ಲಿ ಈ ಪ್ರಾಂತಕ್ಕೆ ವಿಶ್ವಪರಂಪರೆಯ ಸ್ಥಾನವೆಂಬ ಮನ್ನಣೆ ದೊರೆಯಿತು. ಕಣಿವೆಯೊಳಗೆ ಹೋದಂತೆ ಎರಡು ಕಡೆಯೂ ಬೆಟ್ಟಗಳು ಹತ್ತಿರವಾಗುವುವು. ಸುಣ್ಣಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಬೆಟ್ಟದ ನೆತ್ತಿಯವರೆಗೂ ಹತ್ತಿರುವುವು. ಹರ್ಡ್ವಿಕ್ ಎಂಬ ಜಾತಿಯ ಕುರಿಗಳ ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದಿಯ ಬಣ್ಣ, ಮುಖ ಮಾತ್ರ ಬಿಳಿ.

ಕಣಿವೆಯ ಕೊನೆಯಲ್ಲಿ ಸೀತ್ವೇಟ್ ಎಂಬ ಹಳ್ಳಿ. ಹಳ್ಳಿಯೆನ್ನುವುದಕ್ಕಿಂತ ಕೆಲವು ಕಲ್ಲುಮನೆಗಳೆಂದರೆ ಸರಿ. ಇಂಗ್ಲೆಂಡಿನಲ್ಲಿ ಜನವಸತಿಯುಳ್ಳ ಸ್ಥಳಗಳೊಳಗೆ ಅತಿ ಹೆಚ್ಚು ಮಳೆ ಬೀಳುವುದು ಇಲ್ಲಿ, ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಇದರ ಇಮ್ಮಡಿಯಷ್ಟು ಬೀಳುವುದೆಂದು ನಾನು ಪಕ್ಕದ ಬಂಡಿಯವರಿಗೆ ಹೇಳಿದಾಗ ಅವರು ಸ್ವಲ್ಪ ಖಿನ್ನರಾದಂತೆ ಕಂಡಿತು. ಆದರೆ ಆಗುಂಬೆಯ ಮಳೆಯು ನಾಲ್ಕು ತಿಂಗಳಲ್ಲಿ ಸುರಿದು ಬಿಡುವು ಕೊಡುವುದು. ಇಲ್ಲಿಯದು ಹನ್ನೆರಡು ತಿಂಗಳಿಗೂ ಹಂಚಿಕೊಂಡಿರುವುದು. ಅದಕ್ಕೂ ಕೋಪ ಬರುವುದುಂಟು: ೨೦೧೫ರ ಡಿಸೆಂಬರ್ ೫ರಂದು ಹತ್ತಿರದ ಹಾನಿಸ್ಟರ್ ಕಣಿವೆಬಾಗಿಲಿನಲ್ಲಿ ೨೪ ಗಂಟೆಗಳೊಳಗೆ ೩೪೧.೪ ಮಿಲಿಮೀಟರ್ ಬಿದ್ದು ಆ ರಾಜ್ಯದ ದಾಖಲೆಯಾಯಿತು. ಕೆಸ್ವಿಕ್ ನೀರಿನಲ್ಲಿ ನಿಂತಿತು.

ಉಪಾಧ್ಯಾಯರಾಗಿದ್ದವರು ಸೀತ್ವೇಟಿನಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಸೀಸವಿಲ್ಲದ ಸೀಸದಕಡ್ಡಿಯ ತವರುಮನೆ ಇದು. ಇಲ್ಲಿಯ ಬೆಟ್ಟದಲ್ಲಿ ಹದಿನಾರನೆಯ ಶತಮಾನದಲ್ಲಿ ಅತಿ ಶುದ್ಧವಾದ ಗ್ರಾಫೈಟ್ ದೊರೆಯಿತು. ಕುರುಬರು ತಮ್ಮ ಕುರಿಗಳಿಗೆ ಗುರುತು ಹಾಕಲು ಅದನ್ನು ಬಳಸುತ್ತಿದ್ದರಂತೆ. ಗರಗಸದಿಂದ ಕೊಯ್ದು ಕಡ್ಡಿ ಮಾಡಬಹುದಾದಷ್ಟು ಗಟ್ಟಿಯಾದ ಗ್ರಾಫೈಟ್ ಅದು. ಅದರಿಂದಲೇ ಕೆಸ್ವಿಕ್ಕಿನಲ್ಲಿ ಪೆನ್ಸಿಲಿನ ಕೈಗಾರಿಕೆ ಬೆಳೆಯಿತು. ಈಗ ಅಲ್ಲಿ ಪೆನ್ಸಿಲಿಗಾಗಿಯೇ ಒಂದು ವಸ್ತುಸಂಗ್ರಹಾಲಯವುಂಟು. ಎಷ್ಟು ಸಾವಿರ ಮಕ್ಕಳ ಕಾಪಿಪುಸ್ತಕಗಳನ್ನು ತಿದ್ದಿದೆನೋ, ಆ ಕರಿಗೆರೆಯ ಮೂಲ ಈ ಮಳೆಯ ಬೆಟ್ಟದಲ್ಲಿದೆಯೆಂದು ಅರುವತ್ತನೆಯ ವಯಸ್ಸಿನಲ್ಲಿ ಕಣ್ಣಾರೆ ನೋಡಿದೆನು. ಮೊಮ್ಮಗಳಿಗೆ ಎರಡು ಪೆನ್ಸಿಲುಗಳನ್ನು ಕೊಡಿಸಿದೆ. ಅವಳು ಮಳೆಯಲ್ಲಿ ಒಂದನ್ನು ಕಳೆದಳು.

ನಾವು ಇಳಿದುಕೊಂಡುದು ಒಬ್ಬ ರೈತನ ಹುಲ್ಲುಗಾವಲಿನಲ್ಲಿ. ಇಂಥ ಸಂಘದ ಅನುಮತಿ ಪಡೆದ ಸಣ್ಣ ತಾಣಗಳಲ್ಲಿ ಒಂದು ಕಾಲಕ್ಕೆ ಐದಕ್ಕಿಂತ ಹೆಚ್ಚು ಬಂಡಿಗಳನ್ನು ನಿಲ್ಲಿಸಕೂಡದು. ಬೆಂಕಿಯ ಭಯದಿಂದ ಒಂದಕ್ಕೂ ಇನ್ನೊಂದಕ್ಕೂ ಆರು ಮೀಟರ್ ಅಂತರ ಬಿಡಬೇಕೆಂಬ ನಿಯಮವುಂಟು. ಆನಿಂಗು ಹಾಕಿದ ಮೇಲೆಯೂ ನಡುವೆ ಮೂರು ಮೀಟರಾದರೂ ಬಯಲಿರಬೇಕು. ನಾವು ತಲಪಿದಾಗ ಸಂಜೆ ಐದು ಗಂಟೆ. ಆಕಾಶ ಬಾಣಲೆಯ ತಳದಂತಿತ್ತು, ನೈಋತ್ಯದಿಂದ ಗಾಳಿ. ಮಗಳು ಮೋಟಾರಿನಿಂದ ಎರಡು ಮಡಿಸುವ ಕುರ್ಚಿಗಳನ್ನು ತೆಗೆದು ನಮ್ಮನ್ನು ಕೂರಿಸಿ, ‘ನೀವಿಬ್ಬರೂ ಕೈಹಾಕಕೂಡದು. ಬಿದ್ದರೂ ಏಳಕೂಡದು’ ಎಂದಳು. ಮಕ್ಕಳಿಗೆ ಪರೀಕ್ಷೆ ಬರೆಸುವಾಗ ಉತ್ತರ ಗೊತ್ತಿದ್ದೂ ಸುಮ್ಮನೆ ತಿರುಗಾಡುವುದು ನನಗೆ ಅಭ್ಯಾಸ. ಆದರೆ ಈ ಪರೀಕ್ಷೆಯಲ್ಲಿ ಕೂತಿರುವುದು ಅದಕ್ಕಿಂತ ಬಹಳ ಕಷ್ಟವಾಯಿತು.

ಮೊದಲು ಬಂಡಿಯನ್ನು ಸಮನಾಗಿ ನಿಲ್ಲಿಸಿದಳು. ಬಂಡಿ ಓರೆಯಾದರೆ ಆನಿಂಗು ಎಂದಿಗೂ ಸುಕ್ಕು ಬಿಡದು. ಕಾಲುವೆಯ ಬಾಯಿಗೆ ಮೋಂಬತ್ತಿಯನ್ನು ತಿಕ್ಕಿದಳು. ಬಿಗಿಯಾದ ಮೇಜಿನ ಪೆಟ್ಟಿಗೆಗೆ ಅವಳ ತಾಯಿ ಮಾಡುತ್ತಿದ್ದ ಉಪಾಯವದು. ನೆಲದ ಹಾಳೆಯನ್ನು ಹಾಸಿ, ಬಟ್ಟೆಯನ್ನು ಅದರ ಮೇಲೆ ಬಿಚ್ಚಿ, ಮೆಟ್ಟಿಲಮಣೆಯನ್ನೇರಿ ಅಂಚನ್ನು ತೂರಿಸತೊಡಗಿದಳು. ಒಬ್ಬರು ಊಡಿಸಿ ಒಬ್ಬರು ಎಳೆಯಬೇಕಾದ ಕೆಲಸವಿದು. ಒಬ್ಬಳೇ ಆದಕಾರಣ ನಾಲ್ಕು ಅಂಗುಲ ಎಳೆಯುವುದು, ಇಳಿದು ಹೋಗಿ ಬಟ್ಟೆಯನ್ನು ಎತ್ತಿಕೊಡುವುದು, ತಿರುಗಿ ಬಂದು ಏರುವುದು, ಮತ್ತೆ ಎಳೆಯುವುದು. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಗಾಳಿ ಬೀಸಿ ಬಟ್ಟೆಯೆಲ್ಲ ಅವಳ ತಲೆಯ ಮೇಲೆ ಮುಸುಕಾಯಿತು. ನನ್ನ ಹೆಂಡತಿಯು ಎದ್ದಳು. ನಾನು ಅವಳ ಸೆರಗನ್ನು ಹಿಡಿದು ಕೂರಿಸಿದೆನು. ಬಟ್ಟೆಯೊಳಗಿಂದ ಕನ್ನಡದಲ್ಲಿ ಒಂದೆರಡು ಮಾತು ಕೇಳಿಸಿದವು. ಪಕ್ಕದವರಿಗೆ ಅರ್ಥವಾಗುವಂತಿರಲಿಲ್ಲವೆಂಬುದೇ ಸಮಾಧಾನ. ಅನಂತರ ಮೊಮ್ಮಗಳು ಯಾರೂ ಹೇಳದೆ ಬಟ್ಟೆಯ ಬಾಲವನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. ಅಷ್ಟೇ ಸಾಕಾಯಿತು, ಸಿಕ್ಕು ಬಿಟ್ಟಿತು.

ಆಮೇಲಿನದು ಸರಾಗ. ಗಾಳಿ ಬರುವ ಕಡೆಯ ಮೂಲೆಗೆ ಮೊದಲು ಗೂಟ, ಬಳಿಕ ಇನ್ನೊಂದಕ್ಕೆ, ಆಮೇಲೆ ಪಂಪು. ಗುಡಾರವು ಮಂಡಿಯೂರಿದ್ದ ಆನೆ ಏಳುವಂತೆ ಮುಂಗಾಲು ಮೊದಲಾಗಿ ಎದ್ದಿತು. ಮುಂದಿನ ಗೂಟಗಳನ್ನು ಗುಡಾರದಿಂದ ಹೊರಕ್ಕೆ ವಾಲುವಂತೆ ಹೊಡೆದು, ಬಿರುಗಾಳಿಯ ಪಟ್ಟಿಗಳನ್ನು ಬಿಗಿದು, ಬಂಡಿಯ ಅಡಿಯಿಂದ ನುಗ್ಗುವ ಗಾಳಿಗೆ ತಡೆಯಾಗಿ ಕೆಳಗೊಂದು ಸೆರಗನ್ನು ಕಟ್ಟಿದಳು. ನನ್ನ ಗಡಿಯಾರದಲ್ಲಿ ಮೂವತ್ತೇಳು ನಿಮಿಷ. ಎಡಮೂಲೆಯಲ್ಲಿ ಸ್ವಲ್ಪ ಸುಕ್ಕು ಉಳಿದಿತ್ತು. ಹಾಗೆಯೇ ಇರಲಿ ಎಂದಳು.

ಆ ರಾತ್ರಿ ಒಳಗೆ ಮೂವರೂ ಮಲಗಿದರು. ಆನಿಂಗಿನಲ್ಲಿ ಮಡಿಸುವ ಮಂಚದ ಮೇಲೆ ನಾನು. ಹತ್ತು ಗಂಟೆಗೆ ಮಳೆ ಹಿಡಿದು ಬೆಳಗಿನ ನಾಲ್ಕರವರೆಗೂ ಹುಯ್ದಿತು. ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬೆಳಗಿನ ಝಾವ ಗೋಡೆಯ ಒಳಮೈ ತೇವವಾಗಿದ್ದುದು ಸೋರಿದ್ದಲ್ಲ, ನನ್ನ ಉಸಿರೇ ತಣ್ಣನೆಯ ಬಟ್ಟೆಗೆ ತಾಗಿ ನೀರಾದುದು. ಗಾಳಿಗಂಡಿಗಳನ್ನು ಮುಚ್ಚಕೂಡದೆನ್ನುವುದು ಇದಕ್ಕಾಗಿಯೇ. ಚಳಿಗೆ ಗಾಳಿಕೊಳವೆಗಳು ಕೊಂಚ ಮೆತ್ತಗಾಗಿದ್ದವು. ಬಿಸಿಲು ಬಂದ ಮೇಲೆ ತಾವೇ ಬಿಗಿದವು. ಕಡು ಬಿಸಿಲಿನಲ್ಲಿ ಸ್ವಲ್ಪ ಗಾಳಿ ಬಿಡಬೇಕಾಗುವುದೂ ಉಂಟಂತೆ.

ಒಂದು ವಿಷಯದಲ್ಲಿ ಮಾತ್ರ ಗೃಹಿಣಿಯರು ಎಚ್ಚರ ತಪ್ಪಕೂಡದು. ಚಳಿಯನ್ನು ಕಂಡು ನನ್ನ ಹೆಂಡತಿಯು, ಹೊರಗೆ ಅಡಿಗೆ ಮಾಡಿದ ಇದ್ದಲಿನ ಒಲೆಯಲ್ಲಿ ಕೆಂಡ ಆರಿಲ್ಲವಲ್ಲ, ಅಗ್ಗಿಷ್ಟಿಕೆಯಂತೆ ಒಳಗಿಡೋಣವೇ ಎಂದು ಕೇಳಿದಳು. ಮಗಳು ಖಂಡಿತ ಕೂಡದೆಂದಳು. ಆರುತ್ತಿರುವ ಇದ್ದಲು ಕೂಡ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಬಿಡುತ್ತಲೇ ಇರುವುದು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗುಡಾರಗಳಲ್ಲಿ ಹೀಗೆ ಪ್ರಾಣ ಕಳೆದುಕೊಂಡವರುಂಟು. ನಮ್ಮ ಹಳೆಯ ಮನೆಗಳಲ್ಲಿ ಹಂಚಿನ ಸಂದು ಬೇಕಾದಷ್ಟಿದ್ದುದರಿಂದ ಅಗ್ಗಿಷ್ಟಿಕೆ ನಡೆಯುತ್ತಿತ್ತು. ಈಗಿನ ಬಿಗಿಯಾದ ಕೋಣೆಗಳಲ್ಲಿ ನಮ್ಮವರೂ ಇದನ್ನು ನೆನೆಯುವುದೊಳ್ಳೆಯದು.

ಐದು ದಿನವಿದ್ದು ಹೊರಡುವಾಗ ಆನಿಂಗು ಒದ್ದೆ. ಒದ್ದೆಯಾಗಿಯೇ ಮಡಿಸಿಟ್ಟರೆ ಕೆಲವು ದಿನಗಳಲ್ಲಿ ಬೂಸಲು ಹಿಡಿಯುವುದು. ಅದನ್ನು ಮ್ಯಾಂಚೆಸ್ಟರಿನ ಮನೆಯ ಮಹಡಿಮೆಟ್ಟಿಲಿನ ಕಟಕಟೆಯ ಮೇಲೆ ಹರಡಿದೆವು. ಎರಡು ದಿನ ಮಹಡಿಗೆ ಹೋಗುವವರೆಲ್ಲ ಅದರ ಕೆಳಗೆ ನುಸುಳಿಯೇ ಹೋಗಬೇಕಾಯಿತು. ಮೊಮ್ಮಗಳು ಅಲ್ಲಿಯೇ ಊಟ ಮಾಡುವೆನೆಂದು ಹಟ ಹಿಡಿದಳು. ಮೂರನೆಯ ದಿನ ಒಣಗಿತು. ನಾವು ಆಗಸ್ಟಿನಲ್ಲಿ ಊರಿಗೆ ಬಂದೆವು. ಸೆಪ್ಟೆಂಬರಿನ ಕೊನೆಯಲ್ಲಿ ಮಗಳು ಒಂದು ಚಿತ್ರವನ್ನು ಕಳುಹಿಸಿದಳು: ಅದೇ ಹುಲ್ಲುಗಾವಲು, ಆನಿಂಗಿನ ಎಡಮೂಲೆಯಲ್ಲಿ ಸುಕ್ಕು, ಬಾಗಿಲಲ್ಲಿ ಎರಡು ಜೊತೆ ಕೆಸರಿನ ಬೂಟು. ಕೆಳಗೆ ‘ಇಪ್ಪತ್ತಾರು ನಿಮಿಷ’ ಎಂದು ಬರೆದಿತ್ತು.